ಅಕ್ಕಡಿ ಸಾಲೂ ಶಾಲೆಯ ಊಟವೂ

ಮಳೆಯನ್ನು ನೆಚ್ಚಲಾಗದ ಬಯಲುಸೀಮೆಯಲ್ಲಿ ನಮ್ಮ ಸಣ್ಣ ಹಿಡುವಳಿದಾರನು, ಎಂಟು ಹತ್ತು ಸಾಲು ರಾಗಿಗೊಂದರಂತೆ ಅವರೆ, ತೊಗರಿ, ಹುಚ್ಚೆಳ್ಳುಗಳ ಅಕ್ಕಡಿ ಸಾಲನ್ನಿಕ್ಕಿ, ಮುಂಗಾರು ಕೈಕೊಟ್ಟು ರಾಗಿಯ ತೆನೆ ಜೊಳ್ಳಾದರೂ ಮಾಗಿಯ ಇಬ್ಬನಿಗೆ ಅವರೆಯಾದರೂ ಕಾಯಿಕಚ್ಚೀತೆಂಬ ವಿವೇಕವನ್ನು ಹವಾಮಾನಶಾಸ್ತ್ರಜ್ಞರ ಉಪದೇಶವಿಲ್ಲದೆಯೇ ಪಡೆದಿದ್ದನು. ಇಂಥ ಹೊಲದ ಬೆಳೆಗೆ ಊರ ಶಾಲೆಯ ಊಟಕ್ಕಿಂತ ಹತ್ತಿರದ ಗಿರಾಕಿ ಯಾರು? 2024ರಲ್ಲಿ ನಮ್ಮ ಸರ್ಕಾರಿ ಶಾಲೆಗಳ ಹಾಲಿನ ಲೋಟಕ್ಕೆ ರಾಗಿಯ ಹಿಟ್ಟು ಸೇರಿತು, ಸಂತೋಷ. ಆದರೆ ಬ್ರೆಜಿಲ್ ದೇಶವು 2009ರಲ್ಲಿಯೇ, ಶಾಲಾಭೋಜನಕ್ಕೆಂದು ಕೇಂದ್ರವು ಕೊಡುವ ದ್ರವ್ಯದಲ್ಲಿ ಶೇ. 30ರಷ್ಟನ್ನಾದರೂ ಕುಟುಂಬಕೃಷಿಕರಿಂದ ಧಾನ್ಯ ತರಕಾರಿಗಳನ್ನು ಕೊಳ್ಳುವುದಕ್ಕೆ ವ್ಯಯಿಸತಕ್ಕದ್ದೆಂದು ಶಾಸನವನ್ನೇ ಮಾಡಿತು. ಊರ ಹೊಲದ ಅವರೆಕಾಳು ಊರ ಶಾಲೆಯ ಸಾರಿಗೆ ಬೀಳುವುದಕ್ಕೆ ಲಾರಿಯೂ ಬೇಡ, ಉಗ್ರಾಣವೂ ಬೇಡ, ನಿಶ್ಚಿತವಾದ ಬೆಲೆಯೂ, ಬಿಲ್ಲು ತಿಂಗಳುಗಟ್ಟಲೆ ಕೊಳೆಯದಂತೆ ನೋಡಿಕೊಳ್ಳುವ ಒಬ್ಬ ಗುಮಾಸ್ತನೂ (ಇವನೇ ದುರ್ಲಭ!) ಇದ್ದರಾಯಿತು.