ದರಿಯಾ ದೌಲತ್ ನೋಡಿ ಬಂದ ಮೇಲೆ ನಮ್ಮನೆ ಕಂಬ

ತೊಟ್ಟಿ ಮನೆ ಕೆಡವಿ ಆರ್‌ಸಿಸಿ ಹಾಕೋಣ ಅಂತ ದೊಡ್ಡಪ್ಪ ಹೇಳಿದ ವಾರವೇ ನಾನೂ ಅಪ್ಪನೂ ಶ್ರೀರಂಗಪಟ್ಟಣಕ್ಕೆ ಹೋಗಿದ್ದೆವು. ಬಂದ ಕೆಲಸ ಮುಗಿದರೂ ಬಸ್ಸಿಗೆ ಎರಡು ಗಂಟೆ ಇತ್ತು. ದರಿಯಾ ದೌಲತ್ ನೋಡೋಣ ಅಂದೆ. ಅಪ್ಪ ಮರಗೆಲಸದವರು. ಇಷ್ಟು ಹತ್ತಿರವಿದ್ದೂ ಒಮ್ಮೆಯೂ ಒಳಗೆ ಹೋದವರಲ್ಲ.

ಕೋಟೆಯ ಹೊರಗೆ, ಕಾವೇರಿ ದಡದ ತೋಟದಲ್ಲಿ ಟಿಪ್ಪು 1784ರಲ್ಲಿ ಕಟ್ಟಿಸಿದ ಬೇಸಿಗೆ ಮನೆ ಇದು. ಅರಮನೆ ಅಂತಾರೆ. ನನಗೇನೋ ದೊಡ್ಡ ತೋಟದ ಮನೆ ಅನ್ನಿಸಿತು. ಎತ್ತರದ ಜಗಲಿ, ಅದರ ಮೇಲೆ ಸುತ್ತಲೂ ಕಂಬಗಳ ಪಡಸಾಲೆ, ಹೆಚ್ಚಿನದೆಲ್ಲ ತೇಗ. ಗೋಡೆಯ ಚಿತ್ರಗಳಿಗೆ ಬಿಸಿಲು ತಾಗಬಾರದು ಅಂತ ಹೊರಗೆ ಪರದೆ ಇಳಿಬಿಟ್ಟಿರುತ್ತಾರೆ. ಒಳಗೆ ತಂಪು, ಅರೆಗತ್ತಲು.

ಜನ ಪಡುವಣ ಗೋಡೆಯ ಮುಂದೆ ಗುಂಪಾಗುತ್ತಾರೆ. ಅಲ್ಲಿರುವುದು 1780ರ ಪೊಲ್ಲಿಲೂರು ಯುದ್ಧ. ಪಲ್ಲಕ್ಕಿಯಲ್ಲಿ ಕೂತ ಕರ್ನಲ್ ಬೇಲಿ, ಸುತ್ತ ಕೆಂಪು ಕೋಟಿನ ಸಿಪಾಯಿಗಳು, ಸಿಡಿಯುತ್ತಿರುವ ಮದ್ದಿನ ಗಾಡಿ. ಅಪ್ಪ ಅದನ್ನು ನೋಡಲೇ ಇಲ್ಲ. ಕತ್ತೆತ್ತಿ ಕಂಬ, ತೊಲೆ ಸೇರುವ ಜಾಗವನ್ನೇ ನೋಡುತ್ತಿದ್ದರು. "ಮರದ ಮೇಲೆ ಮರ ಕೂರ್ಸವ್ರೆ ಕಣವ್ವ. ನಮ್ಮನೇದೂ ಹಿಂಗೇ ಅಲ್ವಾ?"

1799ರಲ್ಲಿ ಟಿಪ್ಪು ಸತ್ತ ಮೇಲೆ ಇಲ್ಲಿ ವಾಸವಿದ್ದದ್ದು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು. ಮಾಸಿದ ಚಿತ್ರಗಳನ್ನು ಆಮೇಲೆ ಡಾಲ್‌ಹೌಸಿ ಮತ್ತೆ ಬರೆಸಿದ. ಇಂಗ್ಲಿಷರು ಸೋತ ಯುದ್ಧದ ಚಿತ್ರವನ್ನು ಇಂಗ್ಲಿಷರೇ ಉಳಿಸಿದರು, ನೋಡಿ! ಆದರೆ ಕೋಟೆಯೊಳಗಿನ ಲಾಲ್ ಮಹಲ್‌ಗೆ ಆ ಅದೃಷ್ಟ ಇರಲಿಲ್ಲ. ಟಿಪ್ಪು ನಿಜವಾಗಿ ಸಂಸಾರ ಮಾಡಿದ ಆ ಅರಮನೆಯನ್ನು ಕೆಡವಿದರು. ಈಗ ಇರುವುದು ಬರೀ ತಳಪಾಯ. ಅದರ ತೊಲೆಗಳು ಘಟ್ಟ ಹತ್ತಿ ಊಟಿಗೆ ಹೋದವು. 1830ರ ಸುಮಾರಿಗೆ ಕಟ್ಟಿದ ಅಲ್ಲಿನ ಸೇಂಟ್ ಸ್ಟೀಫನ್ ಚರ್ಚಿನಲ್ಲಿವೆ.

ಇದನ್ನು ಹೇಳಿದಾಗ ಅಪ್ಪ ತುಸು ಹೊತ್ತು ಸುಮ್ಮನಿದ್ದರು.

"ಈಗ್ಲೂ ಅವಾ?"

"ಅವೆ ಅಪ್ಪ."

"ಸೌದೆ ಮಾಡ್ನಿಲ್ವಲ್ಲ, ಸದ್ಯ."

ನಮ್ಮ ಹಲಸಿನ ಕಂಬಗಳಿಗೆ ಹೊರಗಿನ ವ್ಯಾಪಾರಿಯೊಬ್ಬ ಆಗಲೇ ಬೆಲೆ ಕಟ್ಟಿ ಹೋಗಿದ್ದ. ಯಾವುದೋ ರೆಸಾರ್ಟಿಗಂತೆ. ಮುತ್ತಾತ ಬಾಚಿಯಲ್ಲಿ ಕೆತ್ತಿದ ಗುರುತು ಅವುಗಳ ಮೇಲೆ ಇನ್ನೂ ಕೈಗೆ ಸಿಗುತ್ತದೆ. ಮರುದಿನ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅಪ್ಪ ಟೇಪು ಹಿಡಿದು ತೊಟ್ಟಿಯಲ್ಲಿ ನಿಂತಿದ್ದರು. ಎರಡು ಕಂಬ, ಒಂದು ತೊಲೆಗೆ ಸೀಮೆಸುಣ್ಣದ ಗೆರೆ ಹಾಕಿದ್ದರು. ಇವನ್ನು ಮಾತ್ರ ಕೊಡಲ್ಲ, ಹೊಸ ಮನೆಯ ಜಗಲಿಗೆ ಬೇಕು ಅಂದಿದ್ದಾರೆ.

ದೊಡ್ಡಪ್ಪ ಇನ್ನೂ ಒಪ್ಪಿಲ್ಲ.