ಬ್ರಹ್ಮಗಿರಿಯ ಮಣ್ಣಿನ ಲೆಕ್ಕ

ಮೊಳಕಾಲ್ಮೂರು ಎಂದರೆ ಎಲ್ಲರಿಗೂ ನೆನಪಾಗುವುದು ರೇಷ್ಮೆ ಸೀರೆ. ನಮ್ಮ ಮನೆಯಲ್ಲೂ ಎರಡಿವೆ. ಅದೇ ತಾಲೂಕಿನ ಸಿದ್ದಾಪುರದ ಹತ್ತಿರ ಬ್ರಹ್ಮಗಿರಿ ಎಂಬ ಕಲ್ಲುಗುಡ್ಡವಿದೆ. ಹೋದ ಬೇಸಿಗೆಯಲ್ಲಿ ಮೊಮ್ಮಗಳ ಜೊತೆ ಅದನ್ನು ನೋಡಲು ಹೋಗಿದ್ದೆ.

ಅವಳು ಬಿ.ಎ. ಓದುತ್ತಾಳೆ. ರಜೆಯಲ್ಲಿ ಮೂರು ವಾರ ಬಳ್ಳಾರಿ ಕಡೆ ಒಂದು ಉತ್ಖನನದಲ್ಲಿ ಕೆಲಸ ಕಲಿತು ಆಗಷ್ಟೇ ಬಂದಿದ್ದಳು. ಮುಖ ಬಿಸಿಲಿಗೆ ಕಪ್ಪಾಗಿತ್ತು, ಅಂಗೈಯಲ್ಲಿ ಬೊಬ್ಬೆ. ಎಂ.ಎ.ಗೆ ಪುರಾತತ್ವವೇ ಬೇಕೆಂದು ಹಟ. ಅವಳ ಅಪ್ಪ ಬ್ಯಾಂಕ್ ಪರೀಕ್ಷೆಗೆ ಓದಲಿ ಎನ್ನುತ್ತಾನೆ. "ಅಪ್ಪಾ, ನೀವು ಹೇಳಿದ್ರೆ ಕೇಳ್ತಾಳೆ. ದಾರೀಲಿ ಸ್ವಲ್ಪ ಬುದ್ಧಿ ಹೇಳಿ" ಎಂದು ನನ್ನನ್ನು ಜೊತೆ ಮಾಡಿ ಕಳಿಸಿದ್ದ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗಿಂತ ತಕ್ಕ ವಕೀಲ ಯಾರು?

ಮೊದಲು ಅಕ್ಷರಗುಂಡು ನೋಡಿದೆವು. ಹಳ್ಳಿಯವರು ಅಶೋಕನ ಶಾಸನದ ಬಂಡೆಗೆ ಇಟ್ಟ ಹೆಸರು ಅದು. 1892ರಲ್ಲಿ ಬಿ.ಎಲ್. ರೈಸ್ ಇದನ್ನು ಹೊರಜಗತ್ತಿಗೆ ತೋರಿಸಿಕೊಟ್ಟರು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಅಧಿಕಾರಿಗಳು ಇಸಿಲದ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ ಇದು. ಮೊದಲು ಆರೋಗ್ಯ ವಿಚಾರಿಸಿ, ಆಮೇಲೆ ವಿಷಯಕ್ಕೆ ಬರುತ್ತಾರೆ. ನಮ್ಮ ಹೆಡ್ ಆಫೀಸಿನ ಸರ್ಕ್ಯುಲರುಗಳಲ್ಲಿ ಒಂದರಲ್ಲಾದರೂ ಆರೋಗ್ಯ ಕೇಳಿದ್ದು ನನಗೆ ನೆನಪಿಲ್ಲ! ತಂದೆತಾಯಿಯರ ಮಾತು ಕೇಳಬೇಕು, ಸತ್ಯ ನುಡಿಯಬೇಕು, ಶಿಷ್ಯರು ಗುರುವನ್ನು ಗೌರವಿಸಬೇಕು ಎಂದೆಲ್ಲ ಅದರಲ್ಲಿದೆ. "ತಂದೆತಾಯಿಯರ ಮಾತು ಕೇಳಬೇಕಂತೆ" ಎಂದು ಒತ್ತಿ ಹೇಳಿದೆ. ಅವಳು ನಕ್ಕು, "ತಾತ, ಕೊನೇ ಸಾಲು ನೋಡಿ" ಎಂದಳು.

ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. 'ಲಿಪಿಕಾರ' ಎಂಬ ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ಬಲದಿಂದ ಎಡಕ್ಕೆ ಬರೆಯುವ, ವಾಯವ್ಯ ಗಡಿಯ ಕಡೆ ಬಳಕೆಯಲ್ಲಿದ್ದ ಲಿಪಿ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಗುಮಾಸ್ತ ಮಾಡಿದ ಸಹಿ! ನನಗೆ ಅಶೋಕನಿಗಿಂತ ಇವನೇ ಹತ್ತಿರದವನು ಅನ್ನಿಸಿದ.

ಅಲ್ಲಿಂದ ಗುಡ್ಡದ ಬುಡಕ್ಕೆ ನಡೆದೆವು. ಮೈಸೂರಿನ ಎಂ.ಎಚ್. ಕೃಷ್ಣ ಅವರು ಇಲ್ಲಿ ಮೊದಲೇ ಅಗೆದಿದ್ದರು. 1947ರಲ್ಲಿ ಮಾರ್ಟಿಮರ್ ವೀಲರ್ ಬಂದರು. ಆಗ ಅವರು ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರು. 1944ರಲ್ಲಿ ತಕ್ಷಶಿಲೆಯಲ್ಲಿ ಶಿಬಿರ ನಡೆಸಿ, ಹುಡುಗರ ಕೈಯಿಂದಲೇ ಅಗೆಸಿ ಪಾಠ ಹೇಳಿದವರು. ಅಲ್ಲಿ ಕಲಿತ ಬಿ.ಬಿ. ಲಾಲ್ ಮುಂದೆ ಅದೇ ಇಲಾಖೆಗೆ ಮುಖ್ಯಸ್ಥರಾದರು.

ವೀಲರ್ ಇಲ್ಲಿ ಮೂರು ಕಾಲದ ಜನರ ಗುರುತು ಕಂಡರು. ಎಲ್ಲಕ್ಕಿಂತ ಕೆಳಗೆ ಉಜ್ಜಿ ನಯ ಮಾಡಿದ ಕಲ್ಲುಕೊಡಲಿಯವರು. ಅವರ ಮೇಲೆ ಕಬ್ಬಿಣ ಬಲ್ಲವರು, ಚಪ್ಪಡಿ ಕಲ್ಲಿನ ಗೋರಿ ಕಟ್ಟಿದವರು. ಮೇಲೆ ಶಾತವಾಹನರ ಕಾಲದವರು. ಇಂಗಾಲದಿಂದ ವಯಸ್ಸು ಅಳೆಯುವ ವಿಧಾನ ಆಗ ಬಂದಿರಲಿಲ್ಲ. ಮತ್ತೆ ಕಾಲ ಗೊತ್ತಾದದ್ದು ಹೇಗೆ? ಪುದುಚೇರಿ ಹತ್ತಿರದ ಅರಿಕಮೇಡುವಿನಲ್ಲಿ ಅವರು 1945ರಲ್ಲಿ ರೋಮನ್ ಮಡಕೆಗಳ ಜೊತೆ ಒಂದು ಬಗೆಯ ಗೆರೆ ಒತ್ತಿದ ತಟ್ಟೆಗಳನ್ನು ಕಂಡಿದ್ದರು. ರೋಮನ್ ಮಡಕೆಗಳ ಕಾಲ ಗೊತ್ತಿತ್ತು. ಅದೇ ತಟ್ಟೆಯ ಚೂರು ಬ್ರಹ್ಮಗಿರಿಯ ಮೇಲಿನ ಪದರದಲ್ಲೂ ಸಿಕ್ಕಿತು. ತಾರೀಖಿರುವ ಒಂದು ವೋಚರ್ ಸಿಕ್ಕಿದರೆ ಹಿಂದಿನ ಲೆಕ್ಕವನ್ನೆಲ್ಲ ಹೊಂದಿಸಬಹುದು ಎಂಬುದು ನಮಗೆ ಗೊತ್ತಿಲ್ಲವೇ?

ಮೊಮ್ಮಗಳು ತನ್ನ ಶಿಬಿರದ ಕೆಲಸ ಹೇಳುತ್ತಾ ಹೋದಳು. ಗೂಟ ನೆಟ್ಟು, ದಾರ ಕಟ್ಟಿ ಚೌಕ ಮಾಡುತ್ತಾರೆ. ಚೌಕಗಳ ನಡುವೆ ಮಣ್ಣಿನ ಗೋಡೆ ಬಿಡುತ್ತಾರೆ, ಪದರಗಳನ್ನು ಓದುವುದು ಆ ಗೋಡೆಯಲ್ಲೇ. ಗುದ್ದಲಿಗಿಂತ ಕರಣಿಗೇ ಹೆಚ್ಚು ಕೆಲಸ. ಮಣ್ಣಿನ ಬಣ್ಣ ಬದಲಾದರೆ ಕೈ ನಿಲ್ಲಿಸಬೇಕು. ತೆಗೆದ ಮಣ್ಣನ್ನು ಜರಡಿ ಹಿಡಿಯಬೇಕು. ಸಿಕ್ಕ ಚೂರುಗಳನ್ನು ಚೀಲಕ್ಕೆ ಹಾಕಿ, ಚೌಕದ ಸಂಖ್ಯೆ, ಪದರ, ಆಳ, ತಾರೀಖು ಬರೆದ ಚೀಟಿ ಇಡಬೇಕು. ಸಂಜೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯುವುದು.

"ಒಂದಿನ ಚೀಟಿ ಇಲ್ಲದ ಚೀಲ ಬಂತು ತಾತ. ಒಳಗಿದ್ದದ್ದು ಚೆಂದದ ಚೂರುಗಳೇ. ಆದರೆ ಮೇಡಂ ಅದನ್ನ ಲೆಕ್ಕಕ್ಕೇ ಹಿಡೀಲಿಲ್ಲ."

ಅಷ್ಟರಲ್ಲಿ ಕುರಿ ಕಾಯುತ್ತಿದ್ದ ಹುಡುಗನೊಬ್ಬ ಒಂದು ಚೂರು ತಂದು, "ಅಕ್ಕಾ, ತಗೋತೀರಾ?" ಎಂದ. ಒಳಗೆ ಕಪ್ಪು, ಹೊರಗೆ ಕೆಂಪು. ಅವಳು ನೆಲದ ಮೇಲೆ ಕೂತು ಅವನಿಗೆ ಹೇಳಿದಳು: ಮಡಕೆ ಬೋರಲು ಹಾಕಿ ಸುಟ್ಟರೆ ಒಳಗೆ ಗಾಳಿಯಾಡದೆ ಕಪ್ಪಾಗುತ್ತದೆ, ಗಾಳಿ ತಾಗಿದ ಹೊರಮೈ ಕೆಂಪಾಗುತ್ತದೆ. ಹುಡುಗ ಬಾಯಿಬಿಟ್ಟು ಕೇಳಿದ. "ಎಲ್ಲಿ ಸಿಕ್ಕಿತು?" ಎಂದು ಕೇಳಿ, ಅವನ ಜೊತೆಗೇ ಹೋಗಿ ಅದನ್ನು ಅಲ್ಲೇ ಇಡಿಸಿ ಬಂದಳು. (ಮಕ್ಕಳೇ, ಇಂಥ ಕಡೆ ಅನುಮತಿಯಿಲ್ಲದೆ ಅಗೆಯುವುದು ಕಾನೂನಿಗೂ ವಿರುದ್ಧ.)

ನಾನು ಬಂಡೆಯ ನೆರಳಲ್ಲಿ ಕೂತು ನೋಡುತ್ತಿದ್ದೆ. ಬುದ್ಧಿ ಹೇಳುವುದು ಹಾಗೇ ಉಳಿದಿತ್ತು.

ಮೊಳಕಾಲ್ಮೂರಿನ ಹೋಟೆಲಿನಲ್ಲಿ ಮಂಡಕ್ಕಿ ತಿನ್ನುತ್ತಿದ್ದಾಗ ಮಗನ ಫೋನು ಬಂತು. "ಹೇಳಿದ್ರಾ ಅಪ್ಪಾ?"

"ಎಂ.ಎ. ಅರ್ಜಿಗೆ ಕೊನೇ ತಾರೀಖು ಯಾವತ್ತು ಅಂತ ಅವಳನ್ನ ಕೇಳ್ತಿದೀನಿ. ಫೀಸು ನಾನು ಕಟ್ತೀನಿ" ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಮೊಮ್ಮಗಳು ನನ್ನ ತಟ್ಟೆಗೆ ತನ್ನ ಪಾಲಿನ ಮೆಣಸಿನಕಾಯಿ ಬಜ್ಜಿ ಹಾಕಿದಳು.