ಪಾರ್ಸೆಲ್ ಎಲ್ಲಿ ಕೊಡಲಿ?

‘ಸರ್, ಪುಸ್ತಕದಂಗಡಿ ಬಾಗಿಲು ಹಾಕಿದೆ. ನಿಮ್ಮ ಪಾರ್ಸೆಲ್ ಎಲ್ಲಿ ಕೊಡಲಿ?’

ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಕೊರಿಯರ್ ಹುಡುಗನ ಈ ಫೋನಿನಿಂದ. ಆಗಲೇ ಐದು ದಿನವಾಗಿತ್ತು. ಜುಲೈ ಮಳೆ, ಕರೆಂಟಿಲ್ಲ, ಮೊಬೈಲು ಸತ್ತುಬಿದ್ದಿತ್ತು. ನಮ್ಮ ಮನೆ ಸಾಗರ ಪೇಟೆಯಿಂದ ದೂರ, ಅಡಿಕೆ ತೋಟದ ಮಧ್ಯೆ. ಅಲ್ಲಿಯವರೆಗೆ ಕೊರಿಯರಿನವರು ಬರುವುದಿಲ್ಲ. ಹಾಗಾಗಿ ನಾನು ಆನ್‌ಲೈನಿನಲ್ಲಿ ತರಿಸುತ್ತಿದ್ದ ಪುಸ್ತಕಗಳಿಗೆ ಕೊಟ್ಟಿದ್ದ ವಿಳಾಸ, ಪುಸ್ತಕ ಮಾರಿ ಬದುಕುತ್ತಿದ್ದ ಅವರ ಅಂಗಡಿಯದೇ.

ಮೊದಲ ಸಲ ಪಾರ್ಸೆಲ್ ತೆಗೆದುಕೊಳ್ಳಲು ಹೋದಾಗ ಅದನ್ನು ಚೀಲಕ್ಕೆ ತುರುಕಿ ಹೊರಟಿದ್ದೆ. ‘ಬಿಚ್ಚು ಮಾರಾಯ, ಅಚ್ಚು ಹೇಗಿದೆ ನೋಡೋಣ’ ಅಂದರು. ಬಿಚ್ಚಿದೆ. ಕನ್ನಡಕ ಏರಿಸಿ ಹಿಂಬದಿಯ ರಟ್ಟು ಓದಿದರು, ಹೊಲಿಗೆ ಒತ್ತಿ ನೋಡಿದರು. ಎಷ್ಟಕ್ಕೆ ಬಂತೆಂದು ಕೇಳಿದರು. ಹೇಳಿದೆ. ‘ನನಗೆ ಪ್ರಕಾಶಕರು ಕೊಡೋದೇ ಈ ರೇಟಿಗೆ. ತಗೋ, ಒಳ್ಳೇ ಪುಸ್ತಕ’ ಎಂದು ವಾಪಸ್ ಕೊಟ್ಟರು. ಆಮೇಲಿನ ಪಾರ್ಸೆಲುಗಳನ್ನು ನಾನು ಅವರೆದುರೇ ಬಿಚ್ಚತೊಡಗಿದೆ. ಅದರಿಂದ ಏನೋ ಸರಿಹೋಗುತ್ತದೆ ಅನ್ನುವ ಹಾಗೆ.

ನಾನು ಹೈಸ್ಕೂಲಿನಲ್ಲಿದ್ದಾಗ ಆ ಅಂಗಡಿಯ ಮುಂಭಾಗದಲ್ಲಿ ಗೈಡು, ನೋಟ್‌ಬುಕ್ಕು, ಜಾಮಿಟ್ರಿ ಬಾಕ್ಸು. ಹಿಂದಿನ ಕತ್ತಲಲ್ಲಿ ಕಾರಂತ, ತ್ರಿವೇಣಿ, ಭೈರಪ್ಪ, ತೇಜಸ್ವಿ. ಜೊತೆಗೆ ಹತ್ತಿರದ ಹೆಗ್ಗೋಡಿನ ಅಕ್ಷರ ಪ್ರಕಾಶನದ ಪುಸ್ತಕಗಳು. ಮಲೆನಾಡಿನ ಮಳೆಗೆ ಕಾಗದ ಉಬ್ಬುತ್ತದೆ, ರಟ್ಟಿಗೆ ಬಿಳಿ ಬೂಸ್ಟು ಹಿಡಿಯುತ್ತದೆ. ಅದಕ್ಕೇ ಕಪಾಟಿನ ಕೆಳಗಿನ ಖಾನೆಯಲ್ಲಿ ಒಂದು ಬಲ್ಬು ಹಗಲೂ ರಾತ್ರಿ ಉರಿಯುತ್ತಿತ್ತು. ನಾನು ‘ಕರ್ವಾಲೊ’ ಓದಿದ್ದು ಆ ಬಲ್ಬಿನ ಪಕ್ಕ ಕೂತು, ಮೂರು ಸಂಜೆ, ಕೊಳ್ಳದೆ. ಮೂರನೆಯ ಸಂಜೆ ಅವರು ಕೇಳಿದ್ದು ಇಷ್ಟೇ: ‘ಆ ಓತಿ ಸಿಕ್ಕಿತಾ?’

ನವರಾತ್ರಿಯಲ್ಲಿ ಎಲ್ಲರ ಮನೆಯಲ್ಲೂ ಪುಸ್ತಕ ಪೂಜೆಗಿಟ್ಟು ಮುಟ್ಟಬಾರದೆನ್ನುತ್ತಿದ್ದರು. ಅವರು ಮಾತ್ರ ಲೆಕ್ಕದ ಪುಸ್ತಕವೊಂದನ್ನೇ ಇಡುತ್ತಿದ್ದರು. ‘ಅಂಗಡೀನೇ ಪೂಜೆಗಿಟ್ಟರೆ ಮಾರೋದು ಏನನ್ನ?’ ನೀನಾಸಂ ಶಿಬಿರಕ್ಕೆ ಬಂದವರು ಪೇಟೆಗಿಳಿಯುವ ಕಾಲವೂ ಅದೇ ಆದ್ದರಿಂದ ಈ ಮಾತಿನಲ್ಲಿ ಲೆಕ್ಕಾಚಾರವೂ ಇತ್ತು.

ಆನ್‌ಲೈನ್ ಬಂದು ಅಂಗಡಿ ಸೊರಗಿತೆಂದು ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕಾದಂಬರಿಯಿಂದ ಆ ಅಂಗಡಿ ಎಂದೂ ನಡೆದಿರಲಿಲ್ಲ. ಜೂನ್ ತಿಂಗಳ ನೋಟ್‌ಬುಕ್ಕು, ಬೈಂಡ್ ಶೀಟು, ಲೇಬಲ್ಲು ಇಡೀ ವರ್ಷದ ಬಾಡಿಗೆ ಹುಟ್ಟಿಸುತ್ತಿದ್ದವು. ಖಾಸಗಿ ಶಾಲೆಗಳು ಪುಸ್ತಕ, ಪಟ್ಟಿ, ಸಮವಸ್ತ್ರ ಎಲ್ಲವನ್ನೂ ತಾವೇ ಮಾರತೊಡಗಿದ ಮೇಲೆ ಆ ಜೂನ್ ಹೋಯಿತು. ಜೂನಿನ ಬೆನ್ನ ಮೇಲೆ ಕೂತಿದ್ದ ಕಾರಂತರೂ ಇಳಿಯಬೇಕಾಯಿತು. ಹೀಗೆ ಹೇಳಿಕೊಳ್ಳುವುದರಲ್ಲಿ ನನಗೊಂದು ಅನುಕೂಲವಿದೆ ಅನ್ನುವುದೂ ಗೊತ್ತು.

ಪಾರ್ಸೆಲನ್ನು ಎದುರಿನ ಮೆಡಿಕಲ್ಲಿನಲ್ಲಿ ಕೊಡಲು ಹೇಳಿದೆ. ಮಳೆ ಹೊಳವಾದ ದಿನ ಅವರ ಮನೆಗೆ ಹೋದೆ. ಹೊರಡುವಾಗ ಮಗ ಒಳಗಿನಿಂದ ಪೇಪರು ಸುತ್ತಿದ ಒಂದು ಕಟ್ಟು ತಂದ. ಮೇಲೆ ಚೀಟಿ, ಅದರಲ್ಲಿ ನನ್ನ ಹೆಸರು. ಒಳಗೆ ಕಾರಂತರ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’. ಯಾವುದೋ ವರ್ಷ ತರಿಸಿಕೊಡಿ ಎಂದು ಹೇಳಿ, ಆಮೇಲೆ ಆನ್‌ಲೈನಿನಲ್ಲಿ ಸಿಕ್ಕಿತೆಂದು ಕೊಂಡು, ಅವರಿಗೆ ಹೇಳಲು ಮರೆತಿದ್ದೆ. ಎಷ್ಟೋ ಪಾರ್ಸೆಲ್ಲು ಅವರ ಕೈಯಿಂದಲೇ ತೆಗೆದುಕೊಂಡಿದ್ದೇನೆ. ಒಂದು ಸಲವೂ ಈ ಕಟ್ಟಿನ ಮಾತು ಎತ್ತಿರಲಿಲ್ಲ.

ಬೆಲೆ ನೋಡಿ ಪೂರ್ತಿ ಹಣ ಕೊಟ್ಟೆ. ಮಗ ಒಳಗೆ ಹೋಗಿ ಚಿಲ್ಲರೆ ತಂದ.

‘ನಿಮಗೆ ಹತ್ತು ಪರ್ಸೆಂಟ್ ಬಿಡ್ತಿದ್ರಂತಲ್ಲ ಅಪ್ಪ’ ಅಂದ.